ಬಂಡೆಯ ಬಾಯಿಗೆ ಕೈ ಹಾಕಿದವಳು

ಅವಳು ಸೌಮ್ಯ ಸ್ವಭಾವದವಳಾಗಿದ್ದಳಂತೆ. ಹೋದ ತಿಂಗಳು ಗೌರಿಬಿದನೂರಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ಇದೇ ಮಾತು ಹೇಳಿದರು. "ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದರು ಒಬ್ಬರು. "ಎಲ್ಲರ ಜೊತೆ ಹೊಂದಿಕೊಂಡು ಹೋದವರು" ಎಂದರು ಮತ್ತೊಬ್ಬರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡೆ. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕೆಂದು ನನಗೂ ಗೊತ್ತು. ಆದರೆ ಇದು ಒಳ್ಳೆಯ ಮಾತಲ್ಲ. ನನ್ನ ಗೆಳತಿ ಹೊಂದಿಕೊಂಡು ಹೋದವಳಲ್ಲ. ಹಲವರ ಮನಸ್ಸನ್ನು ನೋಯಿಸಿದವಳು, ಅವರಲ್ಲಿ ಕೆಲವರಿಗಾದರೂ ನೋವಾಗಲೇಬೇಕಿತ್ತು. ಯಾರೂ ಬರೆದಿಡದಿದ್ದರೆ ಆ ಸಭೆಯ ಮಾತೇ ನಿಲ್ಲುತ್ತದೆ. ಅದಕ್ಕೆ ನಾನು ಒಪ್ಪುವುದಿಲ್ಲ.

ಅವಳ ಹೆಸರು ಬರೆಯುವುದಿಲ್ಲ. ಹೂವಿನ ಹಾರ ಹಾಕಿದ ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದರು; ಅಷ್ಟು ಸಾಕು.

ನಾನು ಮೈಸೂರಿನಲ್ಲಿ ಇತಿಹಾಸ ಓದಿದವಳು. ಆಧಾರವಿಲ್ಲದೆ ಮಾತಾಡಬಾರದೆಂದು ಕಲಿಸಿದ್ದರು. ಅಂದಿನಿಂದ ದಿನಚರಿ ಬರೆಯುತ್ತಿದ್ದೇನೆ. ಆದರೆ ಅದನ್ನೂ ಪೂರ್ತಿ ನಂಬುವುದಿಲ್ಲ. ದಣಿದು ಬಂದ ಸಂಜೆ ಕೈಗೆ ಬಂದದ್ದನ್ನು ಗೀಚಿದ್ದು ಅದು. ನಾನೀಗ ಹೇಳಹೊರಟಿರುವ ದಿನದ ಪುಟದಲ್ಲಿ "ಬಿಸಿಲು, ಮಳೆ, ಬಿಸಿಲು, ಮತ್ತೆ ಮಳೆ. ಅಧ್ಯಕ್ಷರು ಸಿಕ್ಕಿದ್ದರು" ಎಂದಷ್ಟೇ ಇದೆ. ಉಳಿದದ್ದಕ್ಕೆಲ್ಲ ನೆನಪೇ ಗತಿ. ನೆನಪಿಗೆ ನಮ್ಮ ಪರವಾಗಿ ವಕಾಲತ್ತು ಮಾಡುವ ಚಾಳಿಯಿದೆ. ಸಂದೇಹ ಬಂದ ಕಡೆಯೆಲ್ಲ ಹಾಗೆಂದೇ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಅವಳು ಶಿಡ್ಲಘಟ್ಟದಲ್ಲಿ ಊರಿನ ದೊಡ್ಡವರ ಕಮಿಟಿಯೊಂದು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಪೆರೇಸಂದ್ರದ ಕಡೆಯ ಬೇಸಾಯಗಾರರ ಮಗಳು. ತಂದೆ ತೀರಿಕೊಂಡ ಮೇಲೆ ತಾಯಿಯನ್ನೂ ಓದುತ್ತಿದ್ದ ತಮ್ಮನನ್ನೂ ಕರೆತಂದು ಶಿಡ್ಲಘಟ್ಟದಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಆ ಮನೆ ನಡೆಯುತ್ತಿದ್ದದ್ದು ಅವಳ ಸಂಬಳವೊಂದರಿಂದಲೇ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಡ್ರಾಯಿಂಗ್ ಪುಸ್ತಕದಲ್ಲಿ ಮೊದಲ ಪಾಠ ಮಾವಿನಕಾಯಿ, ಎರಡನೆಯದು ಕೊಡ. ಅವಳು ಎರಡನ್ನೂ ಬಿಟ್ಟು ಹುಡುಗಿಯರನ್ನು ಕೆರೆ ಏರಿಗೆ ಕರೆದೊಯ್ದು, ಕಂಡದ್ದನ್ನು ಬರೆಯಿರಿ ಎನ್ನುತ್ತಿದ್ದಳು. ಒಮ್ಮೆ ಇನ್ಸ್‌ಪೆಕ್ಟರು ಬಂದು ಹಾಳೆ ತಿರುವಿ, "ಒಬ್ರೂ ಕೊಡ ಬರ್ದಿಲ್ವಲ್ಲಮ್ಮ?" ಎಂದರಂತೆ. "ಇವ್ರೆಲ್ಲ ಬೆಳಗ್ಗೆ ಎದ್ದು ಹೊರೋದೇ ಕೊಡ ಸಾರ್. ಇಲ್ಲಾದ್ರೂ ಇಳಿಸ್ಲಿ ಅಂತ ಬಿಟ್ಟಿದೀನಿ" ಎಂದಳಂತೆ. ಈ ಮಾತನ್ನು ನಾನೇ ಕೇಳಿದವಳಲ್ಲ. ಆದರೆ ಹೇಳಿದ ಮೂವರೂ ಬೇರೆಬೇರೆಯವರು, ಮಾತು ಮಾತ್ರ ಒಂದೇ.

ನಮ್ಮ ಸ್ನೇಹಕ್ಕೆ ಕಾರಣ ಒಂದು ಆಟ. ರದ್ದಿ ಕಾಗದದ ಅಂಗಡಿಯಲ್ಲಿ ಅವಳಿಗೊಂದು ಹಳೆಯ ವಿಲಾಯತಿ ಪತ್ರಿಕೆ ಸಿಕ್ಕಿತ್ತು. ಅಲ್ಲಿನ ಯಾವುದೋ ಬೀಳುಗುಡ್ಡದಲ್ಲಿ ಜನ ಕಲ್ಲಿನ ಸಂದಿಗಳಲ್ಲಿ ಪೆಟ್ಟಿಗೆಗಳನ್ನು ಬಚ್ಚಿಡುತ್ತಾರಂತೆ. ಪೆಟ್ಟಿಗೆಯೊಳಗೆ ಒಂದು ಮೊಹರು, ಒಂದು ಪುಸ್ತಕ. ಸುಳಿವು ಹಿಡಿದು ಹುಡುಕಿದವರು ಪೆಟ್ಟಿಗೆಯ ಮೊಹರನ್ನು ತಮ್ಮ ಪುಸ್ತಕಕ್ಕೆ ಒತ್ತಿಕೊಳ್ಳಬೇಕು, ತಮ್ಮ ಮೊಹರನ್ನು ಪೆಟ್ಟಿಗೆಯ ಪುಸ್ತಕಕ್ಕೆ ಒತ್ತಬೇಕು, ಎಲ್ಲವನ್ನೂ ಇದ್ದ ಹಾಗೇ ಇಟ್ಟು ಬರಬೇಕು. ಅಷ್ಟೆ. ಗೆದ್ದವರಿಗೆ ಏನೂ ಸಿಗುವುದಿಲ್ಲ. "ಏನೂ ಸಿಗಲ್ವಲ್ಲ, ಅದೇ ಚೆನ್ನಾಗಿರೋದು ಕಣೇ. ನಮ್ಮಲ್ಲಿ ಬೆಟ್ಟಕ್ಕೇನು ಬರವಾ?" ಎಂದಳು.

ಒಂದು ತಿಂಗಳು ಅವಳು ಬಚ್ಚಿಡುವುದು, ನಾನು ಹುಡುಕುವುದು. ಮುಂದಿನ ತಿಂಗಳು ಅದಲುಬದಲು. ಚಪ್ಪಲಿ ರಿಪೇರಿ ಅಂಗಡಿಯಿಂದ ದಪ್ಪ ರಬ್ಬರಿನ ಚೂರು ತಂದು ಬ್ಲೇಡಿನಲ್ಲಿ ಮೊಹರು ಕೆತ್ತುತ್ತಿದ್ದಳು. ತನಗೆ ಕೆತ್ತಿಕೊಂಡದ್ದು ರೆಕ್ಕೆ ಕೆದರಿದ ಕಾಗೆ. ನನಗೆ ಕೆತ್ತಿಕೊಟ್ಟದ್ದು ಹಿಂದೆ ತಿರುಗಿ ನೋಡುವ ಕೋಳಿ. "ಯಾಕೆ ಕೋಳಿ?" ಎಂದು ಕೇಳಿದೆ. "ಮೊಟ್ಟೆ ಇಟ್ಟಾದ್ಮೇಲೂ ಇಟ್ಟಿದೀನೋ ಇಲ್ವೋ ಅಂತ ತಿರುಗಿ ನೋಡೋಳು ನೀನೇ ತಾನೆ?" ಎಂದಳು.

ಹುಡುಕುವಾಗ ಜೊತೆಯಲ್ಲಿ ಬರುತ್ತಿದ್ದಳು, ಆದರೆ ಬಾಯಿ ಬಿಡುತ್ತಿರಲಿಲ್ಲ. ನಾನು ತಪ್ಪು ದಾರಿ ಹಿಡಿದರೆ ಆ ತಪ್ಪು ದಾರಿಯ ಕೊನೆಯವರೆಗೂ ಕಡಲೆಕಾಯಿ ಸುಲಿಯುತ್ತ ಹಿಂದೆಯೇ ಬರುತ್ತಿದ್ದಳು. ಒಂದು ಸಲ ನಗರಗೆರೆಯ ಕಡೆ ನಾನು ಮಧ್ಯಾಹ್ನವಿಡೀ ಬೇರೆ ಯಾವುದೋ ಗುಡ್ಡವನ್ನು ಶೋಧಿಸಿದ್ದೆ. ಇಳಿದು ಬಂದ ಮೇಲೆ ಎದುರಿನ ಗುಡ್ಡ ತೋರಿಸಿ, "ಅದು" ಎಂದಳು. ಕೊಡೆ ಹಿಡಿಯುತ್ತಿರಲಿಲ್ಲ. ಮಳೆ ಬಂದರೆ ನೆನೆಯುವುದು, ಬಿಸಿಲು ಬಂದರೆ ಒಣಗುವುದು.

ಸುಳಿವುಗಳನ್ನು ಅವಳು ಬರೆದು ಕಳಿಸುತ್ತಿದ್ದದ್ದು ಅಂಚೆ ಕಾರ್ಡಿನಲ್ಲಿ. ಆಗಿನ ಊರುಗಳಲ್ಲಿ ಕಾರ್ಡು ಎಂದರೆ ಎಲ್ಲರದ್ದೂ. ಅಂಚೆಯವರು ಓದುತ್ತಿದ್ದರು, ಕಟ್ಟೆಯ ಮೇಲೆ ಕೂತವರು ಓದುತ್ತಿದ್ದರು, ಕೊಡುವಾಗ "ನಿಮ್ಮ ಚಿಕ್ಕಮ್ಮನಿಗೆ ವಾಸಿಯಾಯ್ತಂತೆ" ಎಂದು ಹೇಳಿಯೇ ಕೊಡುತ್ತಿದ್ದರು. ಕವರಿನಲ್ಲಿ ಹಾಕು ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ಕದ್ದು ಬರೆಯೋಂಥದ್ದು ಏನಿದೆ?" ಎನ್ನುತ್ತಿದ್ದಳು. ಆ ಸಲದ ಕಾರ್ಡಿನಲ್ಲಿ ಇದ್ದದ್ದು ಹೀಗೆ: "ಕೋಟೆಯ ಮುರಿದ ಬಾಗಿಲಲ್ಲಿ ನಿಂತು ಕೆರೆ ನೋಡು. ಎಡಕ್ಕೆ ಆನೆ ಮಲಗಿದ ಹಾಗೆ ಒಂದು ಬಂಡೆ. ಅದರ ಬಾಯಿಗೆ ಕೈ ಹಾಕು. ಹೆದರಬೇಡ, ನಿನಗಾಗಿಯೇ ಇಟ್ಟದ್ದು."

ನಮ್ಮ ಕಡೆಯವರಿಗೆ ಇದನ್ನು ಓದಿದರೆ ಏನನ್ನಿಸುತ್ತದೆ ಎಂದು ನಮಗೆ ಹೊಳೆಯಬೇಕಿತ್ತು. ಪಾಳೆಯಗಾರರ ಹಳೇ ಕೋಟೆ ಇರುವ ಯಾವ ಬೆಟ್ಟವನ್ನೂ ನಮ್ಮ ಜನ ನಿಧಿಯಿಲ್ಲದ ಬೆಟ್ಟ ಎಂದು ನಂಬಿದವರಲ್ಲ. ಪ್ರತಿ ಊರಿನಲ್ಲೂ ರಾತ್ರೋರಾತ್ರಿ ಶ್ರೀಮಂತನಾದ ಒಬ್ಬ ಇರುತ್ತಾನೆ. ಅವನು ದುಡಿದು ಗಳಿಸಿದ ಎಂದು ಯಾರೂ ಹೇಳುವುದಿಲ್ಲ, ಕೊಪ್ಪರಿಗೆ ಸಿಕ್ಕಿತು ಎನ್ನುತ್ತಾರೆ.

ಆ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಚಿಂತಾಮಣಿಯ ಕಡೆ ಹೋಗುವ ಪುಟ್ಟ ರೈಲು ಹತ್ತಿದೆ. ಶಿಡ್ಲಘಟ್ಟದಲ್ಲಿ ಅವಳು ಹತ್ತಿ ಎದುರಿಗೆ ಕೂತಳು. ಭಾದ್ರಪದದ ಬಿಸಿಲು ಚುರುಗುಟ್ಟುತ್ತಿತ್ತು. ಕೂತವಳೇ ಸುದ್ದಿ ಹೇಳಿದಳು. ಶುಕ್ರವಾರ ಕಮಿಟಿಯ ಅಧ್ಯಕ್ಷರು ಅವಳನ್ನು ಕರೆಸಿದ್ದರು. ಆತ ಊರಿಗೇ ದೊಡ್ಡ ಜಮೀನುದಾರರು, ರೇಷ್ಮೆಗೂಡಿನ ಮಂಡಿ ಇಟ್ಟವರು.

"ಟೀಚರಮ್ಮನೋರು ಬೆಟ್ಟಬೆಟ್ಟ ಸುತ್ತೋದು ಊರಿಗೇ ಗೊತ್ತಾಗಿದೆಯಂತೆ. ಸೋಮವಾರ ಕಮಿಟಿ ಮುಂದೆ ಬಂದು, ತಪ್ಪಾಯ್ತು, ಇನ್ಮೇಲೆ ಹೋಗಲ್ಲ ಅಂತ ಹೇಳ್ಬೇಕಂತೆ. ಹೇಳಿದ್ರೆ ಕೆಲ್ಸ ಖಾಯಂ. ಇಲ್ದಿದ್ರೆ ಮನೆಗೆ."

"ನೀನೇನಂದೆ?"

"ಯೋಚ್ನೆ ಮಾಡ್ತೀನಿ ಅಂದೆ. ಅಲ್ಲೀವರ್ಗೂ ಬೆಟ್ಟದ ಕಡೆ ತಲೆ ಹಾಕ್ಬೇಡ ಅಂತ ಬೇರೆ ಅಂದ್ರು."

"ಹಾಗಾದ್ರೆ ಇವತ್ತು ಬೇಡ ಕಣೇ. ಮುಂದಿನ ಸ್ಟೇಷನ್ನಲ್ಲಿ ಇಳಿದು ವಾಪಸ್ ಹೋಗಣ."

"ಕಾರ್ಡು ಬಂತೋ ಇಲ್ವೋ?"

"ಬಂತು."

"ಹಾಗಾದ್ರೆ ಹುಡುಕು."

ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದು ಹೊಲಗಳ ನಡುವೆ ನಡೆದೆವು. ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಮೋಡ ಕವಿದು ತುಂತುರು ಶುರುವಾಯಿತು. ಅರ್ಧ ಹತ್ತುವಾಗ ಮತ್ತೆ ಬಿಸಿಲು, ಬಂಡೆಗಳಿಂದ ಆವಿ ಏಳುತ್ತಿತ್ತು. ಅವಳು ಎಂದಿನ ಹಾಗೆ ಹಿಂದೆ. ಕೋಟೆಯ ಮುರಿದ ಬಾಗಿಲು ಸುಲಭವಾಗಿ ಸಿಕ್ಕಿತು. ಅಲ್ಲಿ ನಿಂತು ಕೆರೆ ನೋಡಿದೆ. ಎಡಕ್ಕೆ ತಿರುಗುವ ಮೊದಲೇ ಸದ್ದು ಕೇಳಿಸಿತು. ಹಾರೆ ಕಲ್ಲಿಗೆ ಬಡಿಯುವ ಸದ್ದು.

ಆನೆಬಂಡೆಯ ಬುಡದಲ್ಲಿ ಇಬ್ಬರು ಆಳುಗಳು ಅಗೆಯುತ್ತಿದ್ದರು. ಒಬ್ಬ ಮುದುಕ, ಒಬ್ಬ ನಡುವಯಸ್ಸಿನವನು. ಬಂಡೆಗೆ ಅರಿಸಿನ ಕುಂಕುಮ ಬಳಿದಿತ್ತು, ಕೊಯ್ದ ನಿಂಬೆಹಣ್ಣು, ಒಡೆದ ತೆಂಗಿನಕಾಯಿ, ಆರಿದ ಕರ್ಪೂರ. ಪಕ್ಕದಲ್ಲಿ ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಕಮಿಟಿಯ ಅಧ್ಯಕ್ಷರು ನಿಂತಿದ್ದರು.

ಯಾರು ಮೊದಲು ಮಾತಾಡಿದರು ಎಂಬುದು ನನಗೆ ಖಚಿತವಿಲ್ಲ. ಅವಳೇ ಎಂದು ನನ್ನ ನೆನಪು ಹೇಳುತ್ತದೆ, ಅದಕ್ಕೇ ಅನುಮಾನ. ಆದರೆ ಅಧ್ಯಕ್ಷರು ಅಂದದ್ದು ಸ್ಪಷ್ಟವಾಗಿದೆ.

"ನೀವಾ? ಬೆಟ್ಟದ ಕಡೆ ಬರ್ಬೇಡ ಅಂತ ಹೇಳಿರ್ಲಿಲ್ವೇನಮ್ಮ ನಿಂಗೆ?"

"ಹೇಳಿದ್ರಿ. ನೀವು ಬರ್ತೀರ ಅಂತ ಹೇಳಿರ್ಲಿಲ್ಲ" ಎಂದಳು.

ಅಷ್ಟರಲ್ಲಿ ಗಾಳಿ ಎದ್ದು ಮಳೆ ಒಮ್ಮೆಲೇ ಸುರಿಯಿತು. ತುಂತುರಲ್ಲ, ಮುಖಕ್ಕೆ ಹೊಡೆಯುವ ಮಳೆ. ಐವರಿಗೂ ಇದ್ದ ಆಸರೆ ಒಂದೇ, ಆನೆಬಂಡೆಯ ಹೊಟ್ಟೆಯ ಕೆಳಗಿನ ಜಾಗ. ಅಧ್ಯಕ್ಷರು ಒಂದು ತುದಿಗೆ, ನಾವು ಇನ್ನೊಂದು ತುದಿಗೆ, ನಡುವೆ ಆಳುಗಳು ಹಾರೆ ಹಿಡಿದು. ಅಗೆದ ಗುಂಡಿಯಲ್ಲಿ ನೀರು ತುಂಬುತ್ತಿತ್ತು. ಮುದುಕ ನನ್ನ ಕಡೆ ವಾಲಿ ತೆಲುಗು ಬೆರೆತ ಕನ್ನಡದಲ್ಲಿ ಪಿಸುಗುಟ್ಟಿದ: "ಹೊತ್ತಾರೆಯಿಂದ ಅಗೀತಾ ಇದೀವಮ್ಮ. ಬಾಯಾಗ್ ಕೈ ಹಾಕ್ರೋ ಅಂದ್ರು. ಯಾರ್ ಹಾಕ್ತಾರೆ? ಚೇಳು, ಜೆರ್ರಿ, ಏನ್ ಐತೋ ಏಮೋ. ಅದಕ್ಕೇ ಕೆಳಗಿಂದ ಅಗೀತಾ ಇದೀವಿ."

ಬಾಯಿಗೆ ಕೈ ಹಾಕಬೇಕೆಂದು ಇವರಿಗೆ ಹೇಗೆ ಗೊತ್ತು? ನನಗೆ ಅರ್ಥವಾಗುವ ಮೊದಲೇ ಅವಳಿಗೆ ಅರ್ಥವಾಗಿತ್ತು. ಮಳೆಯಲ್ಲೇ ಹೊರಗೆ ಹೋದಳು. ಬಂಡೆಯ ಮೂತಿಯ ಕಡೆ ಒಂದು ಕಪ್ಪು ಬಿರುಕಿತ್ತು. ತೋಳು ಪೂರ್ತಿ ಒಳಗೆ ಬಿಟ್ಟಳು. "ಅಮ್ಮಾ, ವೊದ್ದು, ಬ್ಯಾಡ!" ಎಂದು ಮುದುಕ ಕೂಗಿಕೊಂಡ. ಅವಳು ಬಿಸ್ಕತ್ತಿನ ಡಬ್ಬವೊಂದನ್ನು ಹೊರತೆಗೆದು ಸೆರಗಿನಿಂದ ಒರೆಸುತ್ತ ಬಂದಳು.

"ಇಡಮ್ಮ ಅದನ್ನ ಕೆಳಗೆ! ಈ ಬೆಟ್ಟದ ಬುಡದ ಜಮೀನೆಲ್ಲ ನಂದು. ಇಲ್ಲಿ ಸಿಕ್ಕಿದ್ದು ನಂಗೆ ಸೇರ್ಬೇಕು" ಎಂದರು ಅಧ್ಯಕ್ಷರು. ದನಿ ನಡುಗುತ್ತಿತ್ತು. ಚಳಿಗಿರಲಿಕ್ಕಿಲ್ಲ.

"ತಗೊಳ್ಳಿ" ಎಂದು ಅವರ ಕೈಗೇ ಕೊಟ್ಟಳು.

ಮುಚ್ಚಳ ಬಿಗಿಯಾಗಿತ್ತು. ಅವರು ಉಗುರಲ್ಲಿ, ಆಮೇಲೆ ಹಲ್ಲಿನಲ್ಲಿ ತೆಗೆದರು. ಒಳಗೆ ಎಣ್ಣೆಬಟ್ಟೆ ಸುತ್ತಿದ ಪುಸ್ತಕ, ಮಸಿಯ ಪ್ಯಾಡು, ಪೆನ್ಸಿಲು, ಕತ್ತೆತ್ತಿ ನಿಂತ ಓತಿಕ್ಯಾತದ ಒಂದು ರಬ್ಬರ್ ಮೊಹರು. ಅವರು ಡಬ್ಬವನ್ನು ತಲೆಕೆಳಗು ಮಾಡಿ ಕುಟ್ಟಿದರು.

"ಬಂಗಾರ ಎಲ್ಲಿ?"

"ಯಾವ ಬಂಗಾರ?"

"ಆಟ ಆಡ್ಬೇಡ. ಕಾರ್ಡಲ್ಲಿ ಬರ್ದಿತ್ತಲ್ಲ, ನಿಂಗಾಗೇ ಇಟ್ಟಿದ್ದು ಅಂತ!"

ನಡುವಯಸ್ಸಿನ ಆಳು ಮುಖ ಆಚೆ ತಿರುಗಿಸಿದ. ಅವನ ಬೆನ್ನು ಅಲುಗುತ್ತಿತ್ತು, ನಗುವಿಗೆ.

"ಓ, ಅಂಚೆಯೋರು ಓದ್ತಾರೆ ಅಂತ ಗೊತ್ತಿತ್ತು. ನೀವೂ ಓದ್ತೀರ ಅಂತ ಗೊತ್ತಿರ್ಲಿಲ್ಲ" ಎಂದಳು. ಆಮೇಲೆ ಶಾಲೆಯಲ್ಲಿ ಹುಡುಗಿಯರಿಗೆ ಹೇಳುವ ದನಿಯಲ್ಲೇ ಆಟವನ್ನು ವಿವರಿಸಿದಳು. ಪೂರ್ತಿಯಾಗಿ, ಒಂದು ನಿಯಮವನ್ನೂ ಬಿಡದೆ. ಕೊನೆಗೆ, "ಪೆಟ್ಟಿಗೆ ತೆಗೆದೋರು ಗುರುತು ಹಾಕ್ಲೇಬೇಕು ಸಾರ್. ಇವತ್ತು ತೆಗೆದಿದ್ದು ನೀವು" ಎಂದು ಪ್ಯಾಡನ್ನು ಚಾಚಿದಳು.

"ಹೆಬ್ಬೆಟ್ಟು ಒತ್ತೋ ವಂಶ ಅಲ್ಲಮ್ಮ ನಮ್ದು!"

"ಸೈನಾದ್ರೂ ಆಗತ್ತೆ."

ಅವರು ಹಾಕಲಿಲ್ಲ. "ನಾನ್ ಒತ್ತಲಾ?" ಎಂದು ಮುದುಕ ಕೇಳಿದ. ಅವಳು ಪುಸ್ತಕ ಬಿಚ್ಚಿ ಹಿಡಿದಳು. ಅವನು ಹೆಬ್ಬೆಟ್ಟು ಒತ್ತಿ, ಅದನ್ನೇ ನೋಡುತ್ತ ನಿಂತು, "ಇದು ಕೋರ್ಟಿಗೆ ಹೋಗಲ್ವಾ?" ಎಂದ. "ಎಲ್ಲಿಗೂ ಹೋಗಲ್ಲಪ್ಪ. ಇಲ್ಲೇ ಇರತ್ತೆ." "ಇದೇ ಮೊದಲು ನೋಡಮ್ಮ, ಒತ್ತಿದ್ದು ಎಲ್ಲಿಗೂ ಹೋಗ್ದೇ ಇರೋದು" ಎಂದು ಅವನು ನಕ್ಕ. ಅವನ ಜೊತೆಗಾರನೂ ಒತ್ತಿದ. ನಾನು ನನ್ನ ಕೋಳಿಯನ್ನು ಒತ್ತಿದೆ.

ಮಳೆ ನಿಂತು ಬಿಸಿಲು ಬಂತು. ಆಳುಗಳು ಗುಂಡಿ ಮುಚ್ಚತೊಡಗಿದರು. ಅಧ್ಯಕ್ಷರು ಅವಳನ್ನು ಒಂದು ಪಕ್ಕಕ್ಕೆ ಕರೆದರು, ನಾನೂ ಹೋದೆ. ಅವರ ದನಿ ಈಗ ಮೆತ್ತಗಾಗಿತ್ತು.

"ನೋಡಮ್ಮ, ಇವತ್ತಿನ್ ಸಮಾಚಾರ ಯಾರಿಗೂ ಬೇಡ. ಊರಲ್ಲಿ ನಂಗೂ ಮರ್ಯಾದೆ ಇದೆ. ನಾಳೆ ಬಂದು ಶಾಸ್ತ್ರಕ್ಕೆ ಒಂದ್ ಸಲ ತಪ್ಪಾಯ್ತು ಅಂದ್ಬಿಡು. ಆಮೇಲೆ ನೀನು ಎಲ್ಲಿಗಾದ್ರೂ ಹೋಗು, ನಾನು ಈ ಕಡೆ ನೋಡಲ್ಲ. ಖಾಯಂ ಆಗತ್ತೆ. ನಿಮ್ಮಮ್ಮ ನೆಮ್ಮದಿಯಾಗಿರ್ತಾಳೆ."

"ಒಂದೇ ಬೆಟ್ಟದಲ್ಲಿ ಇಬ್ರೂ ಸಿಕ್ಕಿದೀವಿ. ತಪ್ಪಾಯ್ತು ಅನ್ನೋದು ನಾನೊಬ್ಳೇನಾ?"

"ಶಾಸ್ತ್ರಕ್ಕೆ ಅಂದ್ನಲ್ಲಮ್ಮ."

ಅವಳು ಡಬ್ಬವನ್ನು ಮತ್ತೆ ಬಂಡೆಯ ಬಾಯಿಗಿಟ್ಟು ಇಳಿಯತೊಡಗಿದಳು.

ಇಳಿಯುವಾಗ ಜೋರಾಗಿ ಮಾತಾಡಿದವಳು ನಾನು. ಈಗ ಅವನ ಜುಟ್ಟು ನಿನ್ನ ಕೈಯಲ್ಲಿದೆ ಎಂದೆ. ನಾಳೆ ತಪ್ಪಾಯ್ತು ಎನ್ನಲೂ ಬೇಕಿಲ್ಲ. ಹಾರೆ, ನಿಂಬೆಹಣ್ಣು ಎಂದು ಎರಡು ಮಾತು ತೆಗೆದರೆ ಸಾಕು, ಅವನೇ ಕೈ ಮುಗಿದು ಖಾಯಂ ಮಾಡುತ್ತಾನೆ ಎಂದೆ. ಇದು ನ್ಯಾಯವೆಂದು ಆಗಲೂ ಅನ್ನಿಸಿತ್ತು, ಈಗಲೂ ಪೂರ್ತಿ ಅನ್ಯಾಯವೆನ್ನಿಸುವುದಿಲ್ಲ.

ಅವಳು ಸೆರಗಿನ ನೀರು ಹಿಂಡಿದಳು. ಆಮೇಲೆ, "ಅಮ್ಮಂಗೆ ಈ ಮನೆ ಹಿಡಿಸಿದೆ ಕಣೇ. ಹಿತ್ತಲಲ್ಲಿ ನುಗ್ಗೆ ಹಾಕಿದಾಳೆ" ಎಂದಳು. ಇನ್ನಷ್ಟು ದೂರ ಹೋದ ಮೇಲೆ ಹೇಳಿದಳು: "ಅವನ ಗುಟ್ಟು ಸೆರಗಲ್ಲಿ ಕಟ್ಕೊಂಡು ಕೆಲ್ಸ ಉಳ್ಸಿಕೊಂಡೆ ಅನ್ನು. ದಿನಾ ಅವನು ನನ್ನ ನೋಡಿ ಹೆದರ್ಬೇಕು, ನಾನು ಅವನು ಹೆದರ್ತಿದಾನಾ ಅಂತ ನೋಡ್ತಿರ್ಬೇಕು. ಹಂಗೆ ಪಾಠ ಮಾಡಕ್ಕಾಗತ್ತಾ? ಬೆಟ್ಟಕ್ಕೆ ಹೋಗೋದು ತಪ್ಪಲ್ಲ ಅಂತ ಅಂದ್ಮೇಲೆ, ಅದನ್ನ ಅಷ್ಟೇ ಹೇಳ್ಬೇಕು. ಅದರ ಜೊತೆ ಬೇರೇನೂ ಸೇರಿಸ್ಬಾರ್ದು."

ಸೋಮವಾರದ ಕಮಿಟಿಯಲ್ಲಿ ನಾನಿರಲಿಲ್ಲ. ಅವಳು ಮೇಜು ಗುದ್ದಿದಳು ಎಂದವರಿದ್ದಾರೆ. ಅತ್ತಳು ಎಂದವರೂ ಇದ್ದಾರೆ; ಅದನ್ನು ನಾನು ನಂಬುವುದಿಲ್ಲ, ನಂಬಲು ಮನಸ್ಸಿಲ್ಲ ಎಂಬುದೂ ನಿಜ. ಅವಳೇ ನನಗೆ ಹೇಳಿದ್ದು ಇಷ್ಟು. ಅಧ್ಯಕ್ಷರು ತಲೆ ಎತ್ತದೆ, "ಏನ್ ಹೇಳ್ತೀಯಮ್ಮ?" ಎಂದು ಕೇಳಿದರು. ಇವಳು, "ಬರೋ ಭಾನುವಾರ ಚಿಂತಾಮಣಿ ಕಡೆ ಹೋಗ್ತಾ ಇದೀವಿ. ನಿಮ್ಮಲ್ಲಿ ಯಾರಾದ್ರೂ ಬರೋದಾದ್ರೆ ಬನ್ನಿ" ಎಂದಳು. ಹಾರೆಯ ವಿಷಯ ಎತ್ತಲಿಲ್ಲ. ಅಧ್ಯಕ್ಷರು ಬಾಗಿಲಿನವರೆಗೂ ಅವಳ ಬಾಯನ್ನೇ ನೋಡುತ್ತಿದ್ದರಂತೆ, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು. ಹೇಳಲಿಲ್ಲ. ಕೆಲಸ ಹೋಯಿತು.

ಮುಂದೆ ಅವಳಿಗೆ ಗೌರಿಬಿದನೂರಿನಲ್ಲಿ ಕೆಲಸ ಸಿಕ್ಕಿದ್ದು, ಅಲ್ಲೇ ನೆಲೆಯಾಗಿ ನಿವೃತ್ತಳಾದದ್ದು, ತಮ್ಮ ಓದಿ ಮುಗಿಸಿದ್ದು ಎಲ್ಲ ನಿಜ. ಆದ್ದರಿಂದ ಕೊನೆಗೆ ಎಲ್ಲ ಸರಿಹೋಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಅಂದು ಆ ಬಾಗಿಲು ದಾಟುವಾಗ ಇದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಅದನ್ನು ಮರೆತು ಅವಳನ್ನು ಹೊಗಳುವುದು ಸುಲಭ. ನುಗ್ಗೆಯ ಗಿಡ ಬಿಟ್ಟು ಹೋಗಬೇಕಾಯಿತೆಂದು ಅವಳ ತಾಯಿ ನನ್ನೊಡನೆ ಎಷ್ಟೋ ವರ್ಷ ಹೇಳುತ್ತಿದ್ದರು.

ಕಮಿಟಿ ಸೇರಿದ ವಾರದ ಭಾನುವಾರ ನಾನು ಮೊದಲ ಬಸ್ಸಿಗೆ ಶಿಡ್ಲಘಟ್ಟದಲ್ಲಿ ಇಳಿದು ಅವಳ ಮನೆಗೇ ಹೋದೆ. ತಾಯಿ ಸೋಮವಾರದಿಂದ ಮಗಳೊಡನೆ ಮಾತು ಬಿಟ್ಟಿದ್ದರು. ನನ್ನ ಕಡೆ ನೋಡಿ, "ಹೋಗೋದೇನೋ ಹೋಗ್ತೀರ. ಹೊಟ್ಟೆಗಿಷ್ಟು ಹಾಕ್ಕೊಂಡು ಹೋಗಿ ಅಂತ ಹೇಳಮ್ಮ ಅವ್ಳಿಗೆ" ಎಂದು ಬುತ್ತಿ ಮುಂದಿಟ್ಟರು. ಅದುವರೆಗೆ ಅವಳು ಸ್ಟೇಷನ್ನಿಗೆ ಹೋಗುತ್ತಿದ್ದದ್ದು ಕೆರೆಯ ಹಿಂದಿನ ಓಣಿಯಿಂದ. ಅದು ಹತ್ತಿರದ ದಾರಿ, ಯಾರೂ ಕಾಣದ ದಾರಿ. ಆ ದಿನ ಪೇಟೆ ಬೀದಿಗೆ ತಿರುಗಿದಳು. ಗೂಡಿನ ಗಾಡಿಗಳು ಬಂದು ನಿಂತು ಬೀದಿ ಕಿಕ್ಕಿರಿದಿತ್ತು. ಅಧ್ಯಕ್ಷರು ಮಂಡಿಯ ಜಗಲಿಯಲ್ಲಿ ಕೂತಿದ್ದರು.

"ಎಲ್ಲಿಗ್ ಹೊರಟ್ರಿ ಟೀಚರಮ್ಮ?" ಎಂದು ಹೂವಿನವಳು ಕೇಳಿದಳು. ಕೆಲಸ ಹೋದದ್ದು ಅವಳಿಗೂ ಗೊತ್ತಿರಬೇಕು. ಇವಳು ನಿಂತು, ಪೂರ್ತಿ ತಿರುಗಿ, "ಬೆಟ್ಟಕ್ಕೆ ಹೋಗ್ತಾ ಇದೀವಿ ಕಣಮ್ಮ" ಎಂದಳು, ಇಡೀ ಬೀದಿಗೆ ಕೇಳುವ ಹಾಗೆ. ಟೈಲರು ಕೇಳಿದ, ನಿಂತು ಹೇಳಿದಳು. ಎಲೆ ಅಡಿಕೆ ಅಂಗಡಿಯವರು ಬರಿಯ ಹುಬ್ಬು ಹಾರಿಸಿದರು. ಅವರಿಗೂ ನಿಂತು ಹೇಳಿದಳು. ತುಂತುರು ಶುರುವಾಗಿತ್ತು. ದೂರದಲ್ಲಿ ರೈಲು ಕೂಗಿತು.

"ಬೇಗ ಬಾರೇ, ರೈಲು ಹೋಗತ್ತೆ" ಎಂದು ನಾನು ಅವಳ ಕೈ ಹಿಡಿದು ಎಳೆದೆ.

ಅವಳು ಬೀದಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು.

"ಹೋಗ್ಲಿ ಬಿಡು. ಇನ್ನೂ ಸುಮಾರು ಜನ ಕೇಳೇ ಇಲ್ಲ."